ಡಿವಿ ನೋಟಿಸು, 498ಎ ದೂರು: ಆರೋಪ ಹೊತ್ತವರ ಮುಂದಿರುವ ದಾರಿಗಳಲ್ಲಿ ಯಾವುದನ್ನು ಯಾವಾಗ ಹಿಡಿಯಬೇಕು

ಹೆಂಡತಿಯ ಕಡೆಯಿಂದ ಕೇಸಾದಾಗ ವಕೀಲರ ಕಚೇರಿಗೆ ಓಡಿಬರುವ ಬಹುತೇಕರ ಬಾಯಲ್ಲಿ ಬರುವ ಮೊದಲ ಮಾತು "ಇದನ್ನ ಹೈಕೋರ್ಟಲ್ಲಿ ಕ್ವಾಶ್ ಮಾಡಿಸಬಹುದಾ ಸಾರ್?" ಅನ್ನುವುದು, ಅಂದರೆ ಕೇಸನ್ನೇ ರದ್ದು ಮಾಡಿಸಬಹುದಾ ಅಂತ. ಅದಕ್ಕೆ ಮುಂಚೆ ತೀರ್ಮಾನವಾಗಬೇಕಾದದ್ದು ಬೇರೆಯದೇ ಇದೆ. ಕೈಗೆ ಬಂದಿರುವ ಕಾಗದ ಯಾವುದು? ಪೊಲೀಸ್ ಠಾಣೆಯ ನೋಟಿಸೋ, ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಡಿವಿ, ಅಂದರೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 12ನೇ ಕಲಂ ಅರ್ಜಿಯ ಜೊತೆ ಬಂದ ನೋಟಿಸೋ? ಎಷ್ಟೋ ಮನೆಗಳಿಗೆ ಎರಡೂ ಒಂದೇ ವಾರದಲ್ಲಿ ಬರುತ್ತವೆ. ಬಂದವರು ಎರಡನ್ನೂ ಒಂದೇ ಕೇಸು ಅಂದುಕೊಂಡು, ಒಂದಕ್ಕೆ ಹೇಳಬೇಕಾದ್ದನ್ನು ಇನ್ನೊಂದಕ್ಕೆ ಹೇಳಿ, ಕೊನೆಗೆ ಎರಡರಲ್ಲೂ ಸಿಕ್ಕಿಬೀಳುತ್ತಾರೆ.

ಠಾಣೆಯದು ಅಪರಾಧದ ಕೇಸು. ಗಂಡ ಅಥವಾ ಅವನ ಸಂಬಂಧಿಕರಿಂದ ಕ್ರೌರ್ಯ ಅನ್ನುವ ಆರೋಪಕ್ಕೆ ಹಳೆಯ ದಂಡ ಸಂಹಿತೆಯಲ್ಲಿ 498ಎ ಇತ್ತು. 2024ರ ಜುಲೈ 1ರಿಂದೀಚೆಗಿನ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ. ಮೂರು ವರ್ಷದವರೆಗೆ ಶಿಕ್ಷೆ, ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧವಲ್ಲ. ನಮ್ಮ ಕಡೆ ಇದರ ಜೊತೆ ವರದಕ್ಷಿಣೆ ನಿಷೇಧ ಕಾಯ್ದೆಯ 3 ಮತ್ತು 4ನೇ ಕಲಂ ಸೇರಿಕೊಂಡೇ ಬರುತ್ತವೆ. ಡಿವಿ ಕೇಸಿನ ಬುನಾದಿ 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. ನಡೆಯುವುದು ಮ್ಯಾಜಿಸ್ಟ್ರೇಟರ ಮುಂದೆಯಾದರೂ ಕೇಳುವ ಪರಿಹಾರಗಳು ಬಹುಮಟ್ಟಿಗೆ ಸಿವಿಲ್ ಸ್ವರೂಪದವು: 18ನೇ ಕಲಂನಲ್ಲಿ ರಕ್ಷಣಾ ಆದೇಶ, 19ರಲ್ಲಿ ವಾಸದ ಹಕ್ಕು, 20ರಲ್ಲಿ ಹಣ, 21ರಲ್ಲಿ ಮಕ್ಕಳು, 22ರಲ್ಲಿ ನಷ್ಟ ಪರಿಹಾರ, ಇವೆಲ್ಲಕ್ಕೂ 23ರಲ್ಲಿ ಮಧ್ಯಂತರ ಆದೇಶ. ಡಿವಿ ನೋಟಿಸು ಬಂದ ಮಾತ್ರಕ್ಕೆ ಯಾರೂ ನಿಮ್ಮನ್ನು ಬಂಧಿಸುವುದಿಲ್ಲ, ಜಾಮೀನೂ ಬೇಕಿಲ್ಲ.

ಅಪರಾಧದ ಕೇಸಿನಲ್ಲಿ ಆರೋಪವನ್ನು ಸಂಶಯಾತೀತವಾಗಿ ಸಾಬೀತು ಮಾಡುವ ಹೊರೆ ಸರ್ಕಾರದ್ದು. ಆರೋಪಿಗೆ ಸುಮ್ಮನಿರುವ ಹಕ್ಕಿದೆ. ಡಿವಿ ಕೇಸಿನಲ್ಲಿ ಯಾರ ಮಾತು ಹೆಚ್ಚು ನಂಬುವಂತಿದೆ ಅನ್ನುವುದರ ಮೇಲೆ ತೀರ್ಮಾನ. ಅಲ್ಲಿ ಸುಮ್ಮನಿದ್ದರೆ ಎದುರಿನವರ ಮಾತೇ ಉಳಿಯುತ್ತದೆ. ಹಾಗಾಗಿ ಒಂದು ಕಡೆ ಬಾಯಿ ಕಟ್ಟಬೇಕು, ಇನ್ನೊಂದು ಕಡೆ ಬಾಯಿ ಬಿಡಲೇಬೇಕು. ಡಿವಿ ಕೋರ್ಟಿಗೆ ಪ್ರಮಾಣ ಮಾಡಿ ಬರೆದುಕೊಟ್ಟದ್ದನ್ನು ಎದುರು ವಕೀಲರು ನಾಳೆ ಕ್ರಿಮಿನಲ್ ಕೇಸಿನಲ್ಲೂ ತೆಗೆದು ತೋರಿಸುತ್ತಾರೆ. ಎರಡು ಕೇಸಿಗೆ ಇಬ್ಬರು ವಕೀಲರನ್ನು ಹಿಡಿದು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಂತೆ ನಡೆಸುವುದು ನಾನು ಕಂಡಂತೆ ಅತಿ ಅಪಾಯದ ದಾರಿ.

ಠಾಣೆಯಿಂದ ಕರೆ ಬಂದರೆ: ನೋಟಿಸಿಗೆ ಉತ್ತರವೋ, ನಿರೀಕ್ಷಣಾ ಜಾಮೀನೋ?

2014ರ ಜುಲೈ 2ರಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಇಲ್ಲಿ ಆಧಾರ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಕಣ್ಣುಮುಚ್ಚಿ ಬಂಧಿಸುವಂತಿಲ್ಲ. ಬಂಧನ ಏಕೆ ಬೇಕು ಅನ್ನುವುದನ್ನು ಬರವಣಿಗೆಯಲ್ಲಿ ಹೇಳಬೇಕು, ಬೇಡವಾದರೆ ಹಾಜರಾಗಲು ನೋಟಿಸು ಕೊಡಬೇಕು. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 41ಎ ನೋಟಿಸು, ಈಗ ಅದರ ಬದಲು ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 35(3). ನೋಟಿಸಿನಲ್ಲಿ ಹೇಳಿದ ದಿನ ಹೋಗಿ, ಕೇಳಿದ್ದಕ್ಕೆ ಸಹಕರಿಸಿ, ಬಂದದ್ದಕ್ಕೆ ದಾಖಲೆ ಉಳಿಸಿಕೊಂಡರೆ, ಹೊಸ ಕಾರಣ ಬರೆಯದೆ ಬಂಧಿಸಲು ಬರುವುದಿಲ್ಲ.

ಹಾಗಾದರೆ ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮುಂಚೆಯೇ ಪಡೆಯುವ ಜಾಮೀನು, ಯಾಕೆ ಬೇಕು? ಗಾಯದ ವೈದ್ಯಕೀಯ ದಾಖಲೆ ಇದ್ದು ಗಂಭೀರ ಕಲಂಗಳು ಸೇರಿದ್ದರೆ, ವಯಸ್ಸಾದ ತಂದೆತಾಯಿಯ ಹೆಸರೂ ಎಫ್‌ಐಆರ್‌ನಲ್ಲಿ ಇದ್ದರೆ, ಸರ್ಕಾರಿ ನೌಕರಿಯಲ್ಲಿದ್ದು ಬಂಧನವಾದರೆ ಅಮಾನತಿನ ಭಯ ಇದ್ದರೆ, ಸೆಷನ್ಸ್ ಕೋರ್ಟಿನಲ್ಲಿ ಅದೇ ಸುರಕ್ಷಾ ಸಂಹಿತೆಯ 482ನೇ ಕಲಂ ಅರ್ಜಿ ಹಾಕುವುದೇ ಸರಿ. ಬರೀ ಬೈಗುಳ, ಜಗಳ, ಹಣ ಕೇಳಿದರು ಅನ್ನುವ ದೂರಾಗಿದ್ದು, ತನಿಖಾಧಿಕಾರಿ ಈಗಾಗಲೇ ನೋಟಿಸು ಕೊಟ್ಟಿದ್ದರೆ, ಮೊದಲು ನೋಟಿಸಿಗೆ ಹಾಜರಾಗಿ ನೋಡಬಹುದು. ಎರಡರ ನಡುವೆ ಅನುಮಾನವಿದ್ದಾಗ ನಾನು ಜಾಮೀನಿನ ಕಡೆಗೇ ವಾಲುತ್ತೇನೆ. ಶುಕ್ರವಾರ ಸಂಜೆ ಬಂಧನವಾದರೆ ಕಾನೂನು ಎಷ್ಟೇ ನಮ್ಮ ಪರ ಇದ್ದರೂ ಆ ಶನಿವಾರ, ಭಾನುವಾರ ವಾಪಸ್ಸು ಬರುವುದಿಲ್ಲ. ಒಮ್ಮೆ ಸಿಕ್ಕ ನಿರೀಕ್ಷಣಾ ಜಾಮೀನಿಗೆ ಸಾಮಾನ್ಯವಾಗಿ ಕಾಲಮಿತಿ ಇರಬಾರದು ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ.

ಹೊರರಾಜ್ಯದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಹೆಂಡತಿ ತವರು ಸೇರಿದ ಊರಿನಲ್ಲೇ 498ಎ ದೂರು ಕೊಡಬಹುದು ಅಂತ 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ನೀವು ಪುಣೆಯಲ್ಲಿದ್ದು ದೂರು ಶಿವಮೊಗ್ಗದಲ್ಲಾಗಿದ್ದರೆ ಎಲ್ಲಿಗೆ ಹೋಗಬೇಕು? ಇದಕ್ಕೆ ಉತ್ತರ ಬಂದದ್ದು ಬೆಂಗಳೂರಿಗೇ ಸಂಬಂಧಿಸಿದ ಪ್ರಿಯಾ ಇಂದೋರಿಯಾ ಪ್ರಕರಣದಲ್ಲಿ. ದೂರು ದಾಖಲಾದದ್ದು ರಾಜಸ್ಥಾನದ ಚಿರಾವಾದಲ್ಲಿ, ಗಂಡ ನಿರೀಕ್ಷಣಾ ಜಾಮೀನು ಪಡೆದದ್ದು ಬೆಂಗಳೂರಿನ ಕೋರ್ಟಿನಲ್ಲಿ. 2023ರ ನವೆಂಬರ್ 20ರಂದು ಸುಪ್ರೀಂ ಕೋರ್ಟು ಆ ಜಾಮೀನನ್ನು ರದ್ದು ಮಾಡಿತು. ಆದರೆ ನೀವಿರುವ ಊರಿನ ಕೋರ್ಟು, ದೂರಾದ ಊರಿನ ಕೋರ್ಟಿಗೆ ಹೋಗುವಷ್ಟು ಕಾಲ ಮಾತ್ರ ಸೀಮಿತ ರಕ್ಷಣೆ ಕೊಡಬಹುದು ಅಂತಲೂ ಹೇಳಿತು. ಪುಣೆಯಲ್ಲಿ ಅಷ್ಟನ್ನು ಕೇಳಿ, ಪೂರ್ತಿ ಜಾಮೀನನ್ನು ಶಿವಮೊಗ್ಗದಲ್ಲಿ ಕೇಳಿ.

ಕ್ವಾಶ್, ಡಿಸ್ಚಾರ್ಜ್, ವಿಚಾರಣೆ

ನಾದಿನಿ ಮದುವೆಯಾಗಿ ಮಂಗಳೂರಿನಲ್ಲಿದ್ದಾಳೆ, ದೂರುದಾರೆ ಮೈಸೂರಿನಲ್ಲಿದ್ದರು, ದೂರಿನಲ್ಲಿ "ಎಲ್ಲರೂ ಸೇರಿ ಹಿಂಸೆ ಕೊಟ್ಟರು" ಅನ್ನುವುದು ಬಿಟ್ಟರೆ ನಾದಿನಿಯ ಬಗ್ಗೆ ದಿನಾಂಕವಿಲ್ಲ, ಘಟನೆಯಿಲ್ಲ. ಇಂಥ ಸಂದರ್ಭಕ್ಕೆ ಹೇಳಿಮಾಡಿಸಿದ್ದು ಹೈಕೋರ್ಟಿನ ಕ್ವಾಶ್ ಅರ್ಜಿ. 2022ರ ಕಹಕಶಾನ್ ಕೌಸರ್, 2024ರ ಡಿಸೆಂಬರ್ 10ರ ದಾರಾ ಲಕ್ಷ್ಮೀನಾರಾಯಣ ತೀರ್ಪುಗಳು ಇದನ್ನೇ ಹೇಳುತ್ತವೆ: ಸಾರಾಸಗಟಾಗಿ ಎಲ್ಲರ ಹೆಸರು ಎಳೆದ ಮಾತ್ರಕ್ಕೆ ಸಂಬಂಧಿಕರನ್ನು ವಿಚಾರಣೆಗೆ ನೂಕಬಾರದು.

ಗಂಡನ ಕಥೆ ಬೇರೆ. ದೂರಿನಲ್ಲಿ ಇಂಥ ದಿನ, ಇಂಥ ಕಡೆ, ಇಂಥ ರೀತಿ ಹೊಡೆದ ಅಂತ ಬರೆದಿದ್ದರೆ, ಅದು ನಿಜವೋ ಸುಳ್ಳೋ ಅಂತ ಹೈಕೋರ್ಟು ತೂಗಿ ನೋಡುವುದಿಲ್ಲ. ದೂರನ್ನು ನಿಜವೆಂದೇ ಇಟ್ಟುಕೊಂಡರೂ ಅಪರಾಧ ಆಗುತ್ತದೆಯೇ ಅನ್ನುವುದಷ್ಟೇ ಅಲ್ಲಿಯ ಪ್ರಶ್ನೆ. ಹಾಗಾಗಿ ಗಂಡನನ್ನೂ ಸಂಬಂಧಿಕರನ್ನೂ ಒಂದೇ ಅರ್ಜಿಯಲ್ಲಿ ಕಟ್ಟಿಹಾಕುವುದಕ್ಕಿಂತ ಸಂಬಂಧಿಕರದ್ದನ್ನು ಬೇರೆಯಾಗಿ ಹಾಕುವುದು ಒಳ್ಳೆಯದು. ಗಂಡನಿಗೆ ಹೆಚ್ಚು ಹೊಂದುವುದು ದೋಷಾರೋಪಣ ಪಟ್ಟಿ ಬಂದ ಮೇಲೆ ಕೆಳಗಿನ ಕೋರ್ಟಿನಲ್ಲೇ ಕೇಳುವ ಬಿಡುಗಡೆ, ಅಂದರೆ ಡಿಸ್ಚಾರ್ಜ್. ನಾಗರಿಕ ಸುರಕ್ಷಾ ಸಂಹಿತೆಯ 262ನೇ ಕಲಂ ಇದಕ್ಕೆ ಗಡುವು ಇಟ್ಟಿದೆ: ದಾಖಲೆಗಳ ನಕಲು ಕೈಗೆ ಬಂದ 60 ದಿನದೊಳಗೆ ಅರ್ಜಿ ಹಾಕಬೇಕು. ಹಳೆಯ ಪದ್ಧತಿಗೆ ಒಗ್ಗಿಕೊಂಡವರು ಈ ಗಡುವನ್ನು ಮರೆಯುವುದುಂಟು. ನಕಲು ಸಿಕ್ಕ ದಿನವನ್ನು ಬರೆದಿಟ್ಟುಕೊಳ್ಳಿ.

ಇವೆರಡೂ ಆಗದಿದ್ದರೆ ಪೂರ್ತಿ ವಿಚಾರಣೆ, ಪಾಟೀ ಸವಾಲು. ಇದಕ್ಕೆ ವರ್ಷಗಳು ಹಿಡಿಯುತ್ತವೆ. ಆದರೆ ಆರೋಪ ನಿಜವಾಗಿಯೂ ಸುಳ್ಳಾಗಿದ್ದು ದಾಖಲೆ ನಿಮ್ಮ ಬಳಿ ಇದ್ದರೆ ಖುಲಾಸೆ ಸಿಗುವುದು ಇಲ್ಲೇ.

ಡಿವಿ ಕೋರ್ಟಿನಲ್ಲಿ

ಹೆಚ್ಚು ಜನ ಎಡವುವುದು ಇಲ್ಲಿ. ನೋಟಿಸು ಬಂದ ದಿನ ಹೋಗದೆ ಇರುವುದು, ವಕಾಲತ್ತು ಹಾಕಿ ಮೇಲಿಂದ ಮೇಲೆ ಸಮಯ ಕೇಳುವುದು, ಅಷ್ಟರಲ್ಲಿ 23ನೇ ಕಲಂನಡಿ ಏಕಪಕ್ಷೀಯ ಆದೇಶ ಬಂದುಬಿಡುವುದು. ಆಮೇಲೆ "ನಮ್ಮ ಮಾತೇ ಕೇಳಲಿಲ್ಲ" ಅಂತ ಮೇಲಿನ ಕೋರ್ಟಿಗೆ ಓಡುವುದು. ಮೊದಲ ದಿನವೇ ಹಾಜರಾಗಿ, ಮಧ್ಯಂತರ ಅರ್ಜಿಗೆ ತಕರಾರನ್ನೂ ಮೂಲ ಅರ್ಜಿಗೆ ತಕರಾರನ್ನೂ ಬೇರೆ ಬೇರೆಯಾಗಿ ಸಲ್ಲಿಸುವುದಕ್ಕೆ ಸಮನಾದ ರಕ್ಷಣೆ ಇನ್ನೊಂದಿಲ್ಲ.

ತಕರಾರಿನ ಜೊತೆ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಕೊಡಬೇಕು. 2020ರ ನವೆಂಬರ್ 4ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರತಿ ಪ್ರಕರಣದಲ್ಲೂ ಇದು ಕಡ್ಡಾಯ. ಕೊಡದೆ ಎಳೆದಾಡಿದರೆ ನಿಮ್ಮ ತಕರಾರನ್ನೇ ಕೋರ್ಟು ತೆಗೆದುಹಾಕಬಹುದು. ಸಂಬಳದ ಚೀಟಿಯಲ್ಲಿ ಇಲ್ಲದ ಬಾಡಿಗೆ ಆದಾಯ, ಅಮ್ಮನ ಹೆಸರಿಗೆ ದಾಟಿಸಿದ ಸೈಟು, ಇವನ್ನು ಮುಚ್ಚಿಟ್ಟವರು ಬ್ಯಾಂಕ್ ಸ್ಟೇಟ್‌ಮೆಂಟು ಹೊರಬಂದ ದಿನ ಉಳಿದೆಲ್ಲ ವಿಷಯದಲ್ಲೂ ನಂಬಿಕೆ ಕಳೆದುಕೊಳ್ಳುತ್ತಾರೆ. ಅದೇ ತೀರ್ಪಿನ ಇನ್ನೊಂದು ಭಾಗ ನಿಮಗೆ ಅನುಕೂಲ: ಒಂದು ಕೋರ್ಟಿನಲ್ಲಿ ಈಗಾಗಲೇ ಕಟ್ಟುತ್ತಿರುವ ಜೀವನಾಂಶವನ್ನು ಇನ್ನೊಂದು ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫ್ಯಾಮಿಲಿ ಕೋರ್ಟಿನ ಆದೇಶದ ನಕಲನ್ನು ಡಿವಿ ಕೋರ್ಟಿಗೆ ತಂದುಕೊಡುವ ಕೆಲಸ ನಿಮ್ಮದು.

ಪ್ರತಿಯೊಂದನ್ನೂ ವಿರೋಧಿಸಲೇಬೇಕೆಂದಿಲ್ಲ. ಆಕೆಯ ಮೇಲೆ ಕೈ ಮಾಡಬಾರದು, ಆಕೆಯ ಕೆಲಸದ ಜಾಗಕ್ಕೆ ಹೋಗಬಾರದು ಅನ್ನುವ ರಕ್ಷಣಾ ಆದೇಶಕ್ಕೆ, ಆರೋಪವನ್ನು ಒಪ್ಪಿಕೊಳ್ಳದೆಯೇ ಬದ್ಧನಾಗಿರುತ್ತೇನೆಂದು ಬರೆದುಕೊಡಬಹುದು. ವಾದದ ಬಲವನ್ನೆಲ್ಲ ಹಣ, ಮನೆ, ಮಕ್ಕಳ ಭೇಟಿಯ ಮೇಲೆ ಇಡಬಹುದು. ಹೊಡೆಯದವನಿಗೆ ಹೊಡೆಯುವುದಿಲ್ಲ ಅಂತ ಬರೆದುಕೊಡುವುದರಿಂದ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಇನ್ನು ಕೈ ಮಾಡಿದ್ದು ನಿಜವೇ ಆಗಿದ್ದರೆ, ಆಸ್ಪತ್ರೆಯ ದಾಖಲೆ, ಫೋಟೋ, ಪಕ್ಕದ ಮನೆಯವರ ಮಾತು ಎದುರಿಗಿರುವಾಗ ಸಾರಾಸಗಟು ನಿರಾಕರಣೆ ಕಾನೂನಿನ ದೃಷ್ಟಿಯಿಂದಲೂ ದುರ್ಬಲ, ಮನುಷ್ಯತ್ವದ ದೃಷ್ಟಿಯಿಂದಲೂ ತಪ್ಪು. ವಕೀಲರಿಗೆ ಮುಚ್ಚಿಡದೆ ಹೇಳಿ. ದೂರ ಇರುವುದು, ಕುಡಿತ ಬಿಡುವ ಚಿಕಿತ್ಸೆ, 14ನೇ ಕಲಂನಡಿ ಆಪ್ತಸಮಾಲೋಚನೆ, ನ್ಯಾಯವಾದ ಜೀವನಾಂಶ, ಇವನ್ನು ನೀವೇ ಮುಂದಿಟ್ಟರೆ ಆಕೆಗೂ ಮಕ್ಕಳಿಗೂ ರಕ್ಷಣೆ, ನಿಮಗೂ ಮುಂದಿನ ದಾರಿ. ಗುಣಪಡಿಸುವ ಪ್ರಯತ್ನವೇ ಇಲ್ಲದ ರಕ್ಷಣಾ ವಾದಕ್ಕೆ ಸಹಾಯ ಮಾಡಲು ನನಗೆ ಮನಸ್ಸಿಲ್ಲ.

ಆದೇಶ ಬಂದುಬಿಟ್ಟಿದೆ ಅನ್ನೋಣ. ಈಗ ಮೂರು ಬಾಗಿಲು. 29ನೇ ಕಲಂ ಪ್ರಕಾರ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ. ಆದೇಶವೇ ತಪ್ಪು ಅನ್ನುವವರಿಗೆ ಇದು. ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ. ತಡೆಯಾಜ್ಞೆ ಬೇರೆಯಾಗಿ ಕೇಳಬೇಕು, ಬಾಕಿ ಹಣದ ಒಂದು ಪಾಲು ಕಟ್ಟಿ ಅಂತ ಕೋರ್ಟು ಹೇಳುವುದು ಸಾಮಾನ್ಯ. ಎರಡನೆಯದು 25(2): ಆದೇಶದ ನಂತರ ಪರಿಸ್ಥಿತಿ ಬದಲಾಗಿದೆ, ಕೆಲಸ ಹೋಗಿದೆ, ಆಕೆಗೆ ನೌಕರಿ ಸಿಕ್ಕಿದೆ ಅನ್ನುವವರು ಅದೇ ಮ್ಯಾಜಿಸ್ಟ್ರೇಟರ ಮುಂದೆ ಆದೇಶ ಬದಲಿಸಲು ಕೇಳುವುದು. ಇವೆರಡನ್ನು ಗೊಂದಲ ಮಾಡಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕರ್ನಾಟಕದ್ದೇ ಉದಾಹರಣೆ ಇದೆ. 2015ರಲ್ಲಿ ಮ್ಯಾಜಿಸ್ಟ್ರೇಟರು ಒಬ್ಬ ಮಹಿಳೆಗೆ ತಿಂಗಳಿಗೆ 12,000 ರೂಪಾಯಿ ಜೀವನಾಂಶ, ಒಂದು ಲಕ್ಷ ಪರಿಹಾರ ಕೊಡಿಸಿದರು. ಗಂಡ ಮುಂದೆ 25(2)ರಡಿ ಹಳೆಯ ಆದೇಶವನ್ನೇ ರದ್ದು ಮಾಡಿ, ಕಟ್ಟಿದ ಹಣ ವಾಪಸ್ಸು ಕೊಡಿಸಿ ಅಂತ ಕೇಳಿದರು. ವಿಜಿಕುಮಾರಿ ಪ್ರಕರಣದಲ್ಲಿ 2024ರ ಸೆಪ್ಟೆಂಬರ್ 10ರಂದು ಸುಪ್ರೀಂ ಕೋರ್ಟು ಅದಕ್ಕೆ ಒಪ್ಪಲಿಲ್ಲ. 25(2)ಕ್ಕೆ ಆದೇಶದ ನಂತರದ ಬದಲಾವಣೆ ಮಾತ್ರ ಆಧಾರ, ಅದೂ ಮುಂದಿನ ದಿನಗಳಿಗೆ ಅನ್ವಯ. ಮೇಲ್ಮನವಿಯ 30 ದಿನ ಕಳೆದುಕೊಂಡವರಿಗೆ 25(2) ಬದಲಿ ಬಾಗಿಲಾಗುವುದಿಲ್ಲ.

ಮೂರನೆಯದು ಡಿವಿ ಅರ್ಜಿಯನ್ನೇ ಹೈಕೋರ್ಟಿನಲ್ಲಿ ಕ್ವಾಶ್ ಮಾಡಿಸುವುದು. ಇದು ಸಾಧ್ಯವೇ ಅನ್ನುವ ಗೊಂದಲ ಬಹುಕಾಲ ಇತ್ತು. ಹೈಕೋರ್ಟಿಗೆ ಆ ಅಧಿಕಾರವಿದೆ, ಆದರೆ ಎದ್ದು ಕಾಣುವ ಅನ್ಯಾಯ ಇದ್ದಾಗ ಮಾತ್ರ, ಬಹಳ ಎಚ್ಚರದಿಂದ ಬಳಸಬೇಕು ಅಂತ 2025ರ ಮೇ 19ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಒಂದೇ ಮನೆಯಲ್ಲಿ ಎಂದೂ ಇರದ ಸಂಬಂಧಿಕರಿಗೆ ಇದು ಉಪಯೋಗಕ್ಕೆ ಬರಬಹುದು. ಗಂಡನಿಗೆ ಅಪರೂಪಕ್ಕೆ. "ಒಂದು ವರ್ಷ ಕಳೆದಿದೆ, ಕಾಲಮಿತಿ ಮೀರಿದೆ" ಅನ್ನುವ ವಾದವನ್ನು ನಂಬಿಕೊಂಡು ಹೋಗಬೇಡಿ. ಆ ಮಿತಿ 12ನೇ ಕಲಂ ಅರ್ಜಿಗೆ ಅನ್ವಯಿಸುವುದಿಲ್ಲ ಅಂತ 2022ರ ಕಾಮಾಚ್ಚಿ ಪ್ರಕರಣದಲ್ಲಿ ಇತ್ಯರ್ಥವಾಗಿದೆ.

ಆದೇಶ ಜಾರಿಯಲ್ಲಿರುವಷ್ಟು ದಿನ

ಮೇಲ್ಮನವಿ ಹಾಕಿರಲಿ, ಆದೇಶ ಅನ್ಯಾಯದ್ದೇ ಇರಲಿ, ಬದಲಾಗುವವರೆಗೆ ಅದನ್ನು ಪಾಲಿಸಲೇಬೇಕು. ರಕ್ಷಣಾ ಆದೇಶ ಮೀರಿದರೆ 31ನೇ ಕಲಂ: ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಿನದಲ್ಲ. ಆಕೆಯೊಬ್ಬಳ ಸಾಕ್ಷ್ಯದ ಮೇಲೇ ಕೋರ್ಟು ತೀರ್ಮಾನಕ್ಕೆ ಬರಬಹುದು ಅಂತ 32ನೇ ಕಲಂ ಹೇಳುತ್ತದೆ. ಸಿವಿಲ್ ಸ್ವರೂಪದ ಕೇಸು ಜೈಲಿನ ಬಾಗಿಲಿಗೆ ಬರುವುದು ಇಲ್ಲಿಂದ.

ಸಂಪರ್ಕ ಮಾಡಬಾರದು ಅಂತ ಆದೇಶದಲ್ಲಿದ್ದರೆ ಯುಗಾದಿಯ ದಿನ ವಾಟ್ಸಾಪಿನಲ್ಲಿ ಕಳಿಸಿದ ಬೇವುಬೆಲ್ಲದ ಚಿತ್ರವೂ ಸಂಪರ್ಕವೇ. ಚಿಕ್ಕಪ್ಪನನ್ನು "ಸುಮ್ಮನೆ ಮಾತಾಡಿಕೊಂಡು ಬಾ" ಅಂತ ಬೀಗರ ಮನೆಗೆ ಕಳಿಸುವುದೂ ಅಪಾಯವೇ. ಆಕೆಯೇ ಫೋನ್ ಮಾಡಿ ಕರೆದರೂ ಆದೇಶ ಹಾಗೇ ಇರುತ್ತದೆ, ಅದನ್ನು ಸಡಿಲಿಸುವುದು ಕೋರ್ಟು ಮಾತ್ರ. ಆಸ್ತಿ ಪರಭಾರೆ ಮಾಡದಂತೆ, ಜಂಟಿ ಖಾತೆ ಮತ್ತು ಲಾಕರು ಮುಟ್ಟದಂತೆ ಆದೇಶವಾಗಿದ್ದರೆ, ನಿಮ್ಮದೇ ಅಜ್ಜಿಯ ಸರ ಆ ಲಾಕರಿನಲ್ಲಿದ್ದರೂ ಕೋರ್ಟಿಗೆ ಅರ್ಜಿ ಹಾಕಿ ತೆಗೆಯಿರಿ. ಮಕ್ಕಳನ್ನು ನೋಡಬೇಕೆಂದರೆ ಶಾಲೆಯ ಗೇಟಿನ ಹತ್ತಿರ ಕಾಯಬೇಡಿ. 21ನೇ ಕಲಂನಡಿ ಭೇಟಿಗೆ ದಿನ, ಜಾಗ, ಸಮಯ ನಿಗದಿ ಮಾಡಿಸಿಕೊಳ್ಳಿ. ಮಕ್ಕಳ ಪಾಲನೆಯ ಹಕ್ಕು ಬೇಕಿದ್ದರೆ ಡಿವಿ ಕೋರ್ಟಿನಲ್ಲಿ ಅದು ನಿಮಗೆ ಸಿಗುವುದಿಲ್ಲ, ಫ್ಯಾಮಿಲಿ ಕೋರ್ಟಿಗೇ ಹೋಗಬೇಕು.

ಅಪ್ಪ ಅಮ್ಮನ ಹೆಸರಿನ ಮನೆ

"ಮನೆ ಅಮ್ಮನ ಹೆಸರಲ್ಲಿದೆ, ಅವಳಿಗೆ ಇಲ್ಲಿ ಹಕ್ಕಿಲ್ಲ" ಅನ್ನುವ ವಾದ 2020ರ ಅಕ್ಟೋಬರಿನವರೆಗೆ ಓಡುತ್ತಿತ್ತು. ಅತ್ತೆಮಾವನ ಹೆಸರಿನ ಮನೆಯಾದರೂ ಸಂಸಾರ ನೆಲೆಯಾಗಿ ನಡೆದ ಮನೆ ಅದಾಗಿದ್ದರೆ ಅದೂ ಹಂಚಿಕೊಂಡ ಮನೆಯೇ, ಅಂದರೆ ಆಕೆಗೆ ವಾಸದ ಹಕ್ಕಿರುವ ಮನೆಯೇ ಅಂತ ಸತೀಶ್ ಚಂದರ್ ಅಹುಜಾ ತೀರ್ಪು ಹೇಳಿದ ಮೇಲೆ ಆ ವಾದದ ಬಲ ಕುಂದಿದೆ. ಕೆಲವರು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ಸೊಸೆಯನ್ನು ತೆರವು ಮಾಡಿಸಲು ನೋಡುತ್ತಾರೆ. ಬೆಂಗಳೂರು ಉತ್ತರದ ಒಂದು ಮನೆ ಗಂಡನಿಂದ ಮಾವನಿಗೆ, ಮಾವನಿಂದ ಅತ್ತೆಗೆ ಕೈ ಬದಲಾಗಿತ್ತು. ಸೊಸೆಯನ್ನು ತೆರವು ಮಾಡಲು ಅಧಿಕಾರಿಗಳು ಆದೇಶ ಕೊಟ್ಟರು, ಹೈಕೋರ್ಟೂ ಎತ್ತಿಹಿಡಿಯಿತು. ಎಸ್. ವನಿತಾ ಪ್ರಕರಣವೆಂದು ಹೆಸರಾದ ಇದರಲ್ಲಿ 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ತೆಗೆದುಹಾಕಿತು. ಹಿರಿಯರ ಕಾಯ್ದೆಯನ್ನು ಸೊಸೆಯ ವಾಸದ ಹಕ್ಕನ್ನು ಬದಿಗೊತ್ತುವ ಅಡ್ಡದಾರಿಯಾಗಿ ಬಳಸುವಂತಿಲ್ಲ.

ವಯಸ್ಸಾದವರಿಗೆ ಆ ಮನೆಯಲ್ಲಿ ನೆಮ್ಮದಿ ಬೇಕು ಅನ್ನುವುದೂ ಸುಳ್ಳಲ್ಲ. ಅಂಥವರು 19(1)(ಎಫ್) ಹಿಡಿಯಲಿ: ಅದೇ ಮಟ್ಟದ ಬೇರೆ ಮನೆ ಅಥವಾ ಬಾಡಿಗೆ. ಇಂಥ ಬಡಾವಣೆಯಲ್ಲಿ ಇಂಥ ಮನೆ, ಇಷ್ಟು ಅಡ್ವಾನ್ಸು, ಇಷ್ಟು ಬಾಡಿಗೆ, ಮಕ್ಕಳ ಶಾಲೆಗೆ ಇಷ್ಟು ದೂರ ಅಂತ ಕಾಗದದ ಮೇಲೆ ಇಟ್ಟರೆ ಕೋರ್ಟು ಕಿವಿಗೊಡುತ್ತದೆ. ತೆರವಿನ ಹಟಕ್ಕಿಂತ ಇದು ಬೇಗ ಫಲ ಕೊಡುವ ದಾರಿ.

ರಾಜಿ ಮಾಡಿಕೊಳ್ಳುವುದಾದರೆ

ಊರಿನ ಹಿರಿಯರು ಕೂತು ಛಾಪಾ ಕಾಗದದ ಮೇಲೆ "ಇಬ್ಬರೂ ಬೇರೆಯಾಗಿದ್ದೇವೆ, ಕೇಸು ವಾಪಸ್ಸು" ಅಂತ ಬರೆಸಿ ಸಹಿ ಹಾಕಿಸುವುದು ಇನ್ನೂ ನಡೆದಿದೆ. ಅದರಿಂದ ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಮುರಿಯುವುದಿಲ್ಲ, 498ಎ ಕೇಸೂ ಮುಗಿಯುವುದಿಲ್ಲ, ಯಾಕೆಂದರೆ ಅದು ನಮ್ಮ ರಾಜ್ಯದಲ್ಲಿ ಪಕ್ಷಗಾರರೇ ರಾಜಿಯಲ್ಲಿ ಮುಗಿಸಿಕೊಳ್ಳಬಹುದಾದ ಅಪರಾಧವಲ್ಲ. ಕೋರ್ಟಿನ ಮೂಲಕ ಮಧ್ಯಸ್ಥಿಕೆಗೆ ಹೋಗಿ. ಬೆಂಗಳೂರಿನಲ್ಲಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಮಧ್ಯಸ್ಥಿಕೆ ಕೇಂದ್ರ 2007ರಿಂದ ಈ ಕೆಲಸ ಮಾಡುತ್ತಿದೆ. ಅಲ್ಲಿ ಆಡಿದ ಮಾತು ಗೋಪ್ಯ, ಮುಂದೆ ಸಾಕ್ಷ್ಯವಾಗಿ ಬರುವುದಿಲ್ಲ. ಒಪ್ಪಂದವಾದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನ, ಡಿವಿ ಅರ್ಜಿ ಹಿಂತೆಗೆತ, ಒಡವೆ ವಾಪಸ್ಸು, ಮಕ್ಕಳ ಭೇಟಿ, ಡಿಡಿ ಯಾವ ಹಂತದಲ್ಲಿ ಎಷ್ಟು, ಎಲ್ಲವೂ ಒಂದೇ ಕಡತದಲ್ಲಿರಲಿ. ಕ್ರಿಮಿನಲ್ ಕೇಸನ್ನು ಇಬ್ಬರೂ ಸೇರಿ ಹೈಕೋರ್ಟಿನಲ್ಲಿ ಕ್ವಾಶ್ ಮಾಡಿಸಬೇಕು. 2003ರ ಬಿ.ಎಸ್. ಜೋಶಿ ತೀರ್ಪಿನಿಂದ ಈ ದಾರಿ ತೆರೆದಿದೆ. ಹಣದ ಕೊನೆಯ ಕಂತನ್ನು ಕ್ವಾಶ್ ಆದೇಶದ ದಿನಕ್ಕೆ ಇಟ್ಟುಕೊಳ್ಳುವುದು ಇಬ್ಬರಿಗೂ ಭದ್ರತೆ.

ಆಕೆಗೆ ನಿಮ್ಮನ್ನು ಕಂಡರೆ ಭಯವಿದ್ದರೆ ಒಂದೇ ಮೇಜಿನ ಮಧ್ಯಸ್ಥಿಕೆಗೆ ಒತ್ತಾಯ ಮಾಡಬೇಡಿ. ಬೇರೆ ಬೇರೆ ಕೊಠಡಿಯಲ್ಲಿ ಮಾತಾಡುವ ವ್ಯವಸ್ಥೆ ಕೇಳಬಹುದು.

ವಕೀಲರ ಬಳಿ ಹೋಗುವ ಮುಂಚೆ

ಮದುವೆಯ ದಿನದಿಂದ ಇಂದಿನವರೆಗೆ ಏನೇನಾಯಿತು ಅನ್ನುವುದನ್ನು ತಾರೀಖಿನ ಪ್ರಕಾರ ಕಾಗದದ ಮೇಲೆ ಬರೆದುಕೊಳ್ಳಿ, ನಿಮಗೆ ವಿರುದ್ಧವಾದದ್ದನ್ನೂ ಸೇರಿಸಿ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟು, ಆದಾಯ ತೆರಿಗೆ ರಿಟರ್ನು, ಮನೆಯ ಕರಾರು ಪತ್ರ, ಮಕ್ಕಳ ಶುಲ್ಕದ ರಸೀದಿ ತೆಗೆದಿಡಿ. ವಾಟ್ಸಾಪ್ ಸಂದೇಶ, ಕರೆಯ ಧ್ವನಿಮುದ್ರಣ ಇದ್ದರೆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರವಿಲ್ಲದೆ ಬರೀ ಸ್ಕ್ರೀನ್‌ಶಾಟಿನ ಪ್ರಿಂಟಿಗೆ ಬೆಲೆ ಸಿಗುವುದು ಕಷ್ಟ. ದಂಪತಿಗಳ ನಡುವಿನ ಗುಟ್ಟಿನ ಧ್ವನಿಮುದ್ರಣವನ್ನು ವಿಚ್ಛೇದನದ ಪ್ರಕರಣದಲ್ಲಿ ಸಾಕ್ಷ್ಯವಾಗಿ ತರಬಹುದು ಅಂತ 2025ರ ಜುಲೈ 14ರಂದು ಸುಪ್ರೀಂ ಕೋರ್ಟು ಹೇಳಿದೆ. ಆದರೆ ಪೂರ್ತಿ ಮಾತುಕತೆ ಇರಲಿ. ತುಂಡು ಮಾಡಿದ್ದು ಪಾಟೀ ಸವಾಲಿನಲ್ಲಿ ನಿಲ್ಲುವುದಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಆರೋಪ ಹೊತ್ತ ಅತ್ತೆ, ನಾದಿನಿಯರಿಗೂ ಮಹಿಳೆಯರೆಂಬ ಕಾರಣಕ್ಕೆ ಇದೇ ಸೌಲಭ್ಯವಿದೆ. ಉಳಿದವರಿಗೆ ಆದಾಯದ ಮಿತಿ ಅನ್ವಯ. ಅರ್ಜಿಯನ್ನು ನೋಟಿಸಿನಲ್ಲಿರುವ ಹಾಜರಾತಿಯ ದಿನಕ್ಕಿಂತ ಮುಂಚೆ ಕೊಡಿ, ಆ ದಿನ ನಿಮ್ಮ ಪರ ಎದ್ದು ನಿಲ್ಲುವವರು ಇರುತ್ತಾರೆ.